ಎರಡು ಗಿಡದ ಹಣ್ಣು

"ಬಚ್ಚಲು ತೊಳೆಯೋ ಕೈಲಿ ಮುಟ್ಟಿದ್ದನ್ನ ನನ್ನ ಮಗಳ ಬಾಯಿಗೆ ಇಡ್ತೀಯಲ್ಲೇ, ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಹೀಗೆಂದವಳೇ ಯಾಮಿನಿ ಮಗಳ ಅಂಗೈಗೆ ಒಂದೇಟು ಕೊಟ್ಟಳು. ಮನೆಗೆಲಸದ ರಾಜಮ್ಮ ಆರಿಸಿ ಕೊಟ್ಟಿದ್ದ ಏಳೆಂಟು ಕೆಂಪು ಹಣ್ಣು ಮರಳಿಗೆ ಬಿದ್ದವು. ಆರು ವರ್ಷದ ಹಿಮಾನಿ ಅಳಲೋ ಬೇಡವೋ ಎಂದು ಅಮ್ಮನ ಮುಖವನ್ನೇ ನೋಡುತ್ತ ನಿಂತಳು.

ಚಳಿಗಾಲ ಮುಗಿಯುವ ಮುಂಚೆ ಒಂದು ಪಿಕ್ನಿಕ್ ಎಂದು ಯಾಮಿನಿಯ ಗಂಡ ಧನಂಜಯ, ಆ ಅರಬ್ ನಾಡಿನ ಮರಳುಗಾಡಿನಂಚಿಗಿದ್ದ ವಫ್ರಾದ ತೋಟವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದ. ಪಟ್ಟಣದ ಶರ್ಕಿನ ಬ್ಯಾಂಕೊಂದರಲ್ಲಿ ಅವನಿಗೆ ದೊಡ್ಡ ಕೆಲಸ. ನಾಲ್ಕು ಮನೆಯವರು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬಂದಿದ್ದರು. ರಾಜಮ್ಮನನ್ನು ಕರೆತಂದದ್ದು ಚಾಪೆ ಹಾಸಲಿಕ್ಕೆ, ತಟ್ಟೆ ತೊಳೆಯಲಿಕ್ಕೆ, ಮಕ್ಕಳ ಮೂಗು ಒರೆಸಲಿಕ್ಕೆ. ಮೂಗು ಒರೆಸಬಹುದು, ಆ ಮೂಗಿನ ಕೆಳಗಿರುವ ಬಾಯಿಗೆ ಹಣ್ಣು ಮಾತ್ರ ಇಡಬಾರದು!

ಊರು ಮುಳಬಾಗಿಲಿನ ಕಡೆ ಎಂದಷ್ಟೇ ಅವಳು ಹೇಳಿದ್ದಳು. ಯಾವ ಕೇರಿ, ಯಾವ ಜನ ಎಂದು ಯಾಮಿನಿ ಕೆದಕಿ ಕೆದಕಿ ಮೊದಲ ವಾರವೇ ತಿಳಿದುಕೊಂಡಳು. ಅಂದೇ ರಾಜಮ್ಮನ ತಟ್ಟೆ, ಲೋಟ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕಕ್ಕೆ ಹೋದವು. ಅಲ್ಲಿ ಉಳಿಯಲು ಬೇಕಾದ ಪರವಾನಗಿ, ಇಕಾಮಾ, ಜಾಮೀನು ನಿಂತ ಯಾರೋ ಅರಬ್ ಕಫೀಲನ ಹೆಸರಲ್ಲಿತ್ತು, ಪಾಸ್‌ಪೋರ್ಟು ಧನಂಜಯನ ಬೀರುವಿನಲ್ಲಿ.

ಮದುವೆಯಾಗುವ ತನಕ ಮೇಕೆ ಮೇಯಿಸಿದವಳು ಅವಳು. ಕಾರೆ, ಕವಳೆ, ಎಲಚಿ ಯಾವ ತಿಂಗಳು ಯಾವ ಬೋರೆಯಲ್ಲಿ ಮಾಗುತ್ತವೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು. ಶೋಕಿಗೆ ಕಲಿತದ್ದಲ್ಲ, ಮಧ್ಯಾಹ್ನದ ಊಟವೇ ಅದಾಗಿತ್ತು. ಬೆನ್ನಿಗೆ ಹುಟ್ಟಿದ ತಮ್ಮ ಯಾವುದೋ ಹಣ್ಣು ತಿಂದು ಸಂಜೆಯೊಳಗೆ ಸತ್ತಿದ್ದ. ಏನು ತಿಂದ ಎಂದು ಡಾಕ್ಟರು ಕೇಳಿದಾಗ ತೋರಿಸಲು ಯಾರ ಕೈಯಲ್ಲೂ ಒಂದು ಎಲೆಯೂ ಇರಲಿಲ್ಲ.

ಮೇಕೆ ಕಾಯುವವರಲ್ಲಿ ಒಂದು ಕಟ್ಟಳೆ ಉಂಟು. ಗಿಡ ಕಂಡವರು ಮೊದಲು ತಾವು ತಿನ್ನಬೇಕು, ಬಾಯಿ ತೆರೆದು ತೋರಿಸಬೇಕು, ಆಮೇಲೆ ಮಿಕ್ಕವರಿಗೆ ಕೊಡಬೇಕು. ಆ ಬೆಳಗ್ಗೆಯೂ ಹಾಗೇ ಆಗಿತ್ತು. ಬೇಲಿಯ ಆಚೆಗಿದ್ದ ಮುಳ್ಳುಗಿಡ ಅವಳಿಗೆ ಹೊಸದು. ತೋಟ ಕಾಯುವ ಬಂಗಾಳಿ ಮುದುಕ ಅದನ್ನು ಅವ್ಸಜ್ ಎಂದು ಕರೆದು, ತಾನು ತಿಂದು, ಅವಳಿಗೂ ಕೊಟ್ಟಿದ್ದ. ಅವಳು ತಿಂದು ಬಹಳ ಹೊತ್ತು ಕಾದಿದ್ದಳು. ಏನೂ ಆಗದ ಮೇಲೇ ಮಗುವಿನ ಕೈಗೆ ಹಾಕಿದ್ದು.

ಮಗು ರಂಪ ಹಿಡಿಯಿತು. ಯಾಮಿನಿಗೆ ತಕ್ಷಣ ನೀರು ಹರಿಯುವ ಕಾಲುವೆಯ ಪಕ್ಕ ಇನ್ನೊಂದು ಗಿಡ ಕಾಣಿಸಿತು. ಒಣಗಿದ ಕಾಗದದಂಥ ಬುರುಡೆ, ಒಳಗೆ ಬಟಾಣಿ ಗಾತ್ರದ ಹಣ್ಣು. ಸೂಪರ್‌ಮಾರ್ಕೆಟ್ಟಿನಲ್ಲಿ ಪುಟ್ಟ ಡಬ್ಬಿಯಲ್ಲಿ ಬರುವ ಗೋಲ್ಡನ್ ಬೆರ್ರಿ ಇದೇ ಎಂದು ಗೆಳತಿಯರಿಗೆಲ್ಲ ಕೂಗಿ ಹೇಳಿದಳು. ಯಾರೂ ಮುಟ್ಟಿಲ್ಲ, ನಿನ್ನ ಕೈಯಾರೆ ನೀನೇ ಕಿತ್ತುಕೋ ಎಂದು ಮಗಳನ್ನು ಅತ್ತ ಕಳಿಸಿದಳು.

ರಾಜಮ್ಮ ಕೈಯಲ್ಲಿದ್ದ ತಟ್ಟೆ ಬಿಟ್ಟು ಓಡಿದಳು. "ಅಮ್ಮಾ, ಅದು ಬ್ಯಾಡ. ಇದು ಹಿರೇಮದ್ದಿನ ಗಿಡ. ನೀವೇಳೋ ಹಣ್ಣು ಮಾಗಿದ್ರೆ ಹಳದಿ ಆಯ್ತದೆ, ಇದು ನೋಡಿ, ಕೆಂಪುಗೈತೆ. ಇದ್ರ ಬೇರು ಮದ್ದಿಗೆ ಆಯ್ತದೆ, ಹಣ್ಣು ಹೊಟ್ಟೆಗೆ ಆಗಾಕಿಲ್ಲ."

ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಧನಂಜಯ ಕುರ್ಚಿಯಿಂದ ಏಳದೆಯೇ ಕೇಳಿದ. "ಬಾಟನಿ ಪಿಎಚ್‌ಡಿ ಎಲ್ಲಿ ಮಾಡ್ದೆ ರಾಜಮ್ಮ? ಹೋಗಿ ತಟ್ಟೆ ತೊಳಿ, ಯಲ್ಲಾ, ಬೇಗ."

ಅವಳು ಮಗುವಿನ ಕೈ ಹಿಡಿದು ಎಳೆದಳು. ಆಗ ಧನಂಜಯ ಎದ್ದು ಬಂದ. ಭುಜ ಹಿಡಿದು ನೂಕಿದ ಏಟಿಗೆ ಅವಳು ಕಾಲುವೆಯ ಕೆಸರಲ್ಲಿ ಕುಕ್ಕರಿಸಿದಳು. ಹಿಮಾನಿ ಒಂದೊಂದೇ ಬುರುಡೆ ಹರಿದು ತಿನ್ನತೊಡಗಿದಳು. ಕಹಿಯಾದರೂ ಬಿಡಲಿಲ್ಲ, ಅಮ್ಮ ಫೋಟೋ ತೆಗೆಯುತ್ತಿದ್ದಳು. ರಾಜಮ್ಮನಿಗೆ ಆ ಹೊತ್ತಿನಲ್ಲಿ ಅವರೆಲ್ಲರ ಮೇಲೂ ಹೇಸಿಗೆ ಹುಟ್ಟಿತು. ಮಗುವಿನ ಮೇಲೆ ಮಾತ್ರ ಹುಟ್ಟಲಿಲ್ಲ.

ಊಟ ಮುಗಿಯುವುದರೊಳಗೆ ವಾಂತಿ ಶುರುವಾಯಿತು. ಆಮೇಲೆ ಮಗುವಿಗೆ ಕಣ್ಣು ತೆರೆದಿಡಲೂ ಆಗದಾಯಿತು. ಎಲ್ಲರೂ ಕಾರಿನತ್ತ ಓಡುವಾಗ ರಾಜಮ್ಮ ಮಾತ್ರ ಹಿಂದಕ್ಕೆ ಓಡಿದಳು. ಮುಳ್ಳುಗಿಡದ್ದೊಂದು ಕಡ್ಡಿ, ಬುರುಡೆ ಗಿಡದ್ದೊಂದು ಕೊಂಬೆ ಮುರಿದು ವೇಲಿನ ಅಂಚಿಗೆ ಗಂಟು ಹಾಕಿಕೊಂಡು ಬಂದು ಹತ್ತಿದಳು. ಮಗುವಿನ ತಲೆ ಅವಳ ತೊಡೆಯ ಮೇಲಿತ್ತು. ಈಗ ಯಾರೂ ಮುಟ್ಟಬೇಡ ಎನ್ನಲಿಲ್ಲ.

ದಾರಿಯುದ್ದಕ್ಕೂ ಧನಂಜಯ ಪೊಲೀಸ್ ಕೇಸಿನ ಮಾತನ್ನೇ ಆಡಿದ. ತಾಯಿಯೇ ವಿಷದ ಹಣ್ಣು ಕೀಳಿಸಿದಳೆಂದು ಆಸ್ಪತ್ರೆಯವರು ಬರೆದರೆ ತನ್ನ ಕೆಲಸ ಖಲಾಸ್ ಎಂದ. ಯಾಮಿನಿ ಬಿಕ್ಕುತ್ತಿದ್ದಳು. ಕೊನೆಗೆ ಅವನು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ.

"ಕೇಳಿದ್ರೆ ನಾನೇ ತಿನ್ನಿಸ್ದೆ ಅನ್ಬೇಕು ನೀನು. ಮುಳ್ಳುಗಿಡದ್ದು ಅಂತ ಹೇಳು. ಬಾಲ ಬಿಚ್ಚಿದ್ಯೋ, ಪಾಸ್‌ಪೋರ್ಟ್ ಸುಟ್ಟು ಹಾಕ್ತೀನಿ ಬೋಳಿಮುಂಡೆ, ಇಲ್ಲೇ ಜೈಲಲ್ಲಿ ಕೊಳೀತೀಯ."

ರಾಜಮ್ಮ ಯಾಮಿನಿಯ ಕಡೆ ನೋಡಿದಳು. ಯಾಮಿನಿ ಅಳು ನಿಲ್ಲಿಸಿ, ಹೌದೆಂದು ತಲೆಯಾಡಿಸಿದಳು. ಮುಳ್ಳುಗಿಡದ್ದು ಎಂದರೆ ಡಾಕ್ಟರು ಮುಳ್ಳುಗಿಡಕ್ಕೇ ಮದ್ದು ಹುಡುಕುತ್ತಾರೆ, ಈ ಮಗು ಏನಾಗಬೇಕು? ಹೆತ್ತವರಿಗೆ ಅದು ಹೊಳೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಎತ್ತಿಕೊಂಡು ಹೋದರು. ಡಾಕ್ಟರೊಬ್ಬ ಹೊರಗೆ ಬಂದು, ತಿಂದದ್ದು ಏನು, ಗಿಡ ಯಾವುದು ಎಂದು ವಿಚಾರಿಸಿದ. ಧನಂಜಯ ಇಂಗ್ಲಿಷಿನಲ್ಲಿ ಪಟಪಟ ಒಪ್ಪಿಸಿ ರಾಜಮ್ಮನತ್ತ ಬೆರಳು ಮಾಡಿದ. ಬಾಗಿಲ ಬಳಿಯ ಪೊಲೀಸಿನವನು ಕಾಗದ ಹಿಡಿದು ಹತ್ತಿರ ಬಂದ. ಉಪ್ಪಿನಂಗಡಿ ಕಡೆಯ ನರ್ಸ್ ಶಮೀಲಾ ರಾಜಮ್ಮನ ಮುಂದೆ ಬಂದು ನಿಂತಳು.

"ನೀವು ಹೆದರ್ಬೇಡಿ. ಮಗು ಎಂತ ತಿಂದದ್ದು, ಸರಿಯಾಗಿ ಹೇಳಿ."

ರಾಜಮ್ಮ ವೇಲಿನ ಗಂಟು ಬಿಚ್ಚಿ ಎರಡನ್ನೂ ಮೇಜಿನ ಮೇಲಿಟ್ಟಳು. "ಈ ಮುಳ್ಳಿನದು ನಾನು ಕೊಟ್ಟಿದ್ದು. ಅಮ್ಮಾರು ಅದನ್ನ ಚೆಲ್ಲುಬುಟ್ರು. ಮಗಾ ತಿಂದಿದ್ದು ಇದು, ಈ ಬುರುಡೇದು. ಇದ್ರ ಮದ್ದು ನೋಡಿ ತಾಯಿ, ಬೇಗ."

ಶಮೀಲಾ ಅದನ್ನು ಡಾಕ್ಟರಿಗೂ ಪೊಲೀಸಿನವನಿಗೂ ತಿಳಿಸಿದಳು. ಅವನು ಬುರುಡೆಯ ಕೊಂಬೆಯಲ್ಲಿ ಅರ್ಧ ಮುರಿದುಕೊಂಡು ಒಳಗೆ ಓಡಿದ. ಸುಳ್ಳು, ಇವಳು ಕಳ್ಳಿ ಎಂದು ಧನಂಜಯ ಪೊಲೀಸಿನವನಿಗೆ ಇಂಗ್ಲಿಷಿನಲ್ಲಿ ಕೂಗಾಡತೊಡಗಿದ. ರಾಜಮ್ಮ ಅವನ ಕಡೆ ನೋಡಲಿಲ್ಲ. ಮುಳ್ಳಿನ ಕಡ್ಡಿಯಲ್ಲಿದ್ದ ಅಷ್ಟೂ ಹಣ್ಣು ಕಿತ್ತು ಬಾಯಿಗೆ ಹಾಕಿ, ಅಗಿದು ನುಂಗಿದಳು. ಪೊಲೀಸಿನವನಿಗೆ ಕಾಣುವಂತೆ ಬಾಯಿ ಅಗಲಿಸಿ ತೋರಿಸಿದಳು. ಆಮೇಲೆ ಉಳಿದ ಕೊಂಬೆಯಿಂದ ಒಂದು ಬುರುಡೆ ಹರಿದು, ಕೆಂಪು ಹಣ್ಣನ್ನು ಬಚ್ಚಲು ತೊಳೆಯುವ ಅಂಗೈ ಮೇಲಿಟ್ಟು ಯಾಮಿನಿಯ ಬಾಯಿಯ ಹತ್ತಿರ ಹಿಡಿದಳು.

"ನಂದು ನಾನು ತಿಂದೆ ಕಣಮ್ಮ. ಇದು ನಿಮ್ದು. ತಿನ್ನಿ."

ಯಾಮಿನಿ ಹಿಂದೆ ಸರಿದಳು. ಇನ್ನೂ ಸರಿದಳು, ಬೆನ್ನಿಗೆ ಗೋಡೆ ತಾಗಿತು. ಒಳಗಿನಿಂದ ಮಗು ಓಕರಿಸುವುದು ಕೇಳುತ್ತಿತ್ತು. ಪೊಲೀಸಿನವನು ಆ ಕೈಯನ್ನೊಮ್ಮೆ, ಯಾಮಿನಿಯ ಮುಖವನ್ನೊಮ್ಮೆ ನೋಡಿದ. ರಾಜಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ.