ಹೊನ್ನಕ್ಕ ಒದೆಯಲಿಲ್ಲ

ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರ ತಿಪ್ಪಯ್ಯನಿಗೆ ಸೊಂಟ ಹಿಡಿದು ತಿಂಗಳಾಗಿತ್ತು. ಕತ್ತು ತಿರುಗಿಸಿದರೂ ನೋವು. ಚಳ್ಳಕೆರೆಯಿಂದ ತರಿಸಿದ ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಅಂಟಿಸಿದ್ದಾಯಿತು. ಅಲುಗಾಡದಿದ್ದರೆ ಸರಿಹೋಗುತ್ತದೆ ಎಂದು ಕೊನೆಗೆ ಮಂಚ ಹಿಡಿದ. ಮಲಗಿದಷ್ಟೂ ಮೈ ಇನ್ನಷ್ಟು ಬಿಗಿಯಾಯಿತು.

ನೋವಿಗಿಂತ ಅವನನ್ನು ಹೆಚ್ಚು ಕಾಡಿದ್ದು ಸೊಸೆ ಕಾವ್ಯಳ ಮೇಲಿನ ಅನುಮಾನ. ಒಂದು ಮಧ್ಯಾಹ್ನ ಅವಳು ಮಗ್ಗದ ಗುಂಡಿಗೆ ಇಳಿದು, ದಾರ ಹಿಡಿದು ಅಳೆಯುತ್ತಿದ್ದಳು. ಕಾಲು ಇಳಿಬಿಟ್ಟು ಕೂತು ನೇಯುವ ಆ ಗುಂಡಿ ಅವನ ಅಪ್ಪನ ಕಾಲದ್ದು. ಅದರ ಅಳತೆ ಇವಳಿಗೇಕೆ? ಮುಚ್ಚಿಸಿ ಬಂಡೆ ಹಾಸಲು ತಾನೇ? ಬಾಯಿ ತೆರೆದರೆ ಸಾಕು, ಆಸ್ಪತ್ರೆಯ ಮಾತು. ಆಸ್ಪತ್ರೆಗೆ ಹೋದರೆ ಆಪರೇಷನ್, ಆಪರೇಷನ್ ಆದರೆ ಮಗ್ಗ ಬಂದ್. ಮಲಗಿದ್ದಲ್ಲೇ ಅವನಿಗೆ ಎಲ್ಲ ಲೆಕ್ಕವೂ ಕೂಡಿಬಂತು. ಅವಳು ಏನಾದರೂ ಹೇಳಲು ಬಂದರೆ ಗೋಡೆಗೆ ಮುಖ ತಿರುಗಿಸಿಬಿಡುತ್ತಿದ್ದ.

ಒಂದು ಬೆಳಿಗ್ಗೆ ಯಾರಿಗೂ ಹೇಳದೆ, ಕುಂಟುತ್ತಾ ಹೊನ್ನಕ್ಕನ ಮನೆಗೆ ಹೊರಟ. ಹೊನ್ನಕ್ಕ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ಓಣಿಯೆಲ್ಲ ಅವಳ ಬಾಗಿಲಿಗೆ ಬರುತ್ತಿತ್ತು. ತಿಪ್ಪಯ್ಯ ಹೋಗಿ ನೋಡಿದರೆ, ಆಕೆ ಚಾಪೆಯ ಮೇಲೆ ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು.

“ಇನ್ಮೇಲೆ ಯಾರಿಗೂ ಒದೆಯಲ್ಲ ತಿಪ್ಪಯ್ಯ,” ಎಂದಳು. “ನಂಗೇ ಸೊಂಟ ಹಿಡ್ದೈತೆ. ನನ್ ಸೊಂಟಕ್ಕೆ ನಾನೇ ಒದ್ಕೊಳ್ಳೋಕಾಗುತ್ತಾ? ಆಸ್ಪತ್ರೆಗೆ ಹೋದೆ. ಬೆನ್ನುಮೂಳೆಗಳ ನಡುವೆ ಡಿಸ್ಕ್ ಅಂತ ಮೆತ್ತೆ ಇರ್ತೈತಂತೆ. ವಯಸ್ಸಾದಂಗೆ ಅದು ಸವೀತೈತಂತೆ. ಅಂಥ ಬೆನ್ನಿಗೆ ಒದ್ರೆ ನರಕ್ಕೆ ಏಟು ಬೀಳಬೋದು ಅಂದು, ಈ ವ್ಯಾಯಾಮ ಹೇಳ್ಕೊಟ್ರು.”

“ನಿಂಗೂ ಕಾವ್ಯಾನೇ ಹೇಳ್ಕೊಟ್ಳಾ?” ಎಂದು ತಿಪ್ಪಯ್ಯ ಕಣ್ಣು ಕಿರಿದು ಮಾಡಿ ಕೇಳಿದ.

ಹೊನ್ನಕ್ಕ ನಕ್ಕುಬಿಟ್ಟಳು. ಒದೆಯುವ ಬದಲು ಕೈ ಹಿಡಿದು ಆಸ್ಪತ್ರೆಗೇ ಕರೆದೊಯ್ದಳು. ಡಾಕ್ಟರು ಕೈಕಾಲಿನ ಬಲ ನೋಡಿ, ಇದೂ ವಯಸ್ಸಿನ ಸವೆತವೇ ಎಂದು ಹೇಳಿ, ವ್ಯಾಯಾಮ ಕಲಿಸುವ ತೇಜಶ್ರೀಯ ಬಳಿಗೆ ಕಳಿಸಿದರು.

ತಿಪ್ಪಯ್ಯ ಅವಳನ್ನು ಕೇಳಿದ್ದು ಒಂದೇ ಮಾತು. “ಮಗ್ಗ ಬಿಡಬೇಕೇನಮ್ಮ?”

“ಬಿಡಬೇಡಿ. ಮಂಚ ಬಿಡಿ,” ಎಂದಳು ತೇಜಶ್ರೀ. “ಬಹಳ ಜನಕ್ಕೆ ಆಪರೇಷನ್ ಬೇಕಾಗಲ್ಲ. ದಿನಾ ನಡೀರಿ, ಹೇಳಿಕೊಟ್ಟ ವ್ಯಾಯಾಮ ಮಾಡಿ, ಒಂದೇ ಸಮ ಬಗ್ಗಿ ಕೂರಬೇಡಿ. ಅದಕ್ಕೇ ಅಲ್ವಾ ನಿಮ್ಮ ಸೊಸೆ ಕಾವ್ಯ ಮೊದ್ಲೇ ನನ್ನ ಹತ್ರ ಮಗ್ಗದ ಗುಂಡಿ ಅಳತೆ ತಂದಿದ್ದು? ಬೆನ್ನಿಗೆ ಒರಗು ಇರೋ ಹಲಗೆ ಮಾಡಿಸ್ತೀವಿ ಅಂದ್ರು. ನಿಮಗೆ ಹೇಳಲಿಲ್ವಾ?”

ಹೇಳಲು ಬಂದಾಗಲೆಲ್ಲ ಗೋಡೆ ನೋಡಿದವನು ತಾನೇ. ತಿಪ್ಪಯ್ಯನಿಗೆ ನಾಚಿಕೆಯಾಯಿತು.

ಈಗ ಅವನು ಆ ಹಲಗೆಯ ಮೇಲೆ ಕೂತು ನೇಯುತ್ತಾನೆ. ನೋವು ಪೂರ್ತಿ ಹೋಗಿಲ್ಲ, ಆದರೆ ಹಿಡಿತಕ್ಕೆ ಬಂದಿದೆ. ಹೆಚ್ಚು ಹೊತ್ತು ಕೂತರೆ ಒಳಗಿನಿಂದ ಕಾವ್ಯಳ ದನಿ ಬರುತ್ತದೆ. “ಮಾವ, ಎದ್ದು ಒಂದ್ ಸುತ್ತು ಹಾಕ್ರಿ.”

“ನನ್ನ ಎಬ್ಬಿಸಿ ಗುಂಡಿ ಮುಚ್ತೀಯೇನಮ್ಮ,” ಎಂದು ಗೊಣಗುತ್ತಲೇ ಏಳುತ್ತಾನೆ.

ನಿಮಗೂ ಬೆನ್ನು, ಕತ್ತು ನೋಯುತ್ತಿದೆಯೇ? ಮಂಚ ಹಿಡಿಯಬೇಡಿ, ಯಾರಿಂದಲೂ ಒದೆಸಿಕೊಳ್ಳಬೇಡಿ. ವೈದ್ಯರಿಗೆ ತೋರಿಸಿ, ನಿಮಗೆ ಹೊಂದುವ ವ್ಯಾಯಾಮ ಕಲಿಯಿರಿ. ಕೈಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮಲ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಿ. ಮನೆಯವರು ಏನೋ ಹೇಳಲು ಬಂದರೆ, ಗೋಡೆಯತ್ತ ತಿರುಗುವ ಮುನ್ನ ಒಂದು ಮಾತು ಕೇಳಿಸಿಕೊಳ್ಳಿ.