ಎದೆಗೆ ನಾಲ್ಕು ತಾಸು

ಶಾಂತಪ್ಪ ಆಂಬುಲೆನ್ಸಿನ ಮುಂದೆ ಕಾಯಿ ಒಡೆದೇಬಿಟ್ಟ.

"ಒಳಗ ನಮ್ಮಣ್ಣನ ಎದಿ ಅದರಿ! ಹೂವ ಏರಸದ ಹ್ಯಾಂಗ ಕಳಸೂದು?"

ಕಾಂದಿವಲಿಯ ಆಸ್ಪತ್ರೆಯ ಗೇಟಿನಲ್ಲಿ ಮಣ್ಣು ಮಾಡಲೆಂದು ಬಂದವರೆಲ್ಲ ಹಾರ, ತಾಳ ಹಿಡಿದು ಗಾಡಿಯನ್ನು ಮುತ್ತಿಕೊಂಡಿದ್ದರು. ಸಾಯಬಣ್ಣನ ದೇಹ ಇನ್ನೂ ಒಳಗಿತ್ತು. ಮೊದಲು ಹೊರಬಂದದ್ದು ಅವನ ಹೃದಯ, ಮಂಜುಗಡ್ಡೆ ತುಂಬಿದ ನೀಲಿ ಪೆಟ್ಟಿಗೆಯಲ್ಲಿ. ಪರೇಲಿನ ಆಸ್ಪತ್ರೆಯಲ್ಲಿ ಯಾರೋ ಅದಕ್ಕಾಗಿ ಕಾಯುತ್ತಿದ್ದರು. ಮೆಟ್ಟಿಲಿಂದ ಬಿದ್ದು ಮೆದುಳು ಸತ್ತ ಗಂಡನ ಪರವಾಗಿ ಅಂಗದಾನಕ್ಕೆ ಸಹಿ ಹಾಕಿದವಳು ಮಲ್ಲಕ್ಕ.

"ಕಾಕಾ, ಟೈಮ್ ಹೋಗ್ತಾ ಇದೆ, ಪ್ಲೀಜ್!" ಎಂದಳು ಮಗಳು ಸಪ್ನಾ.

"ಎಲ್ಲಾರೂ ಒಂದೊಂದ ಸರ್ತಿ ಕೈ ಮುಗೀಲವ್ವ."

"ಬರ್ಫಿನಾಗ ಅದ, ಎಲ್ಲಿ ಕೆಡತದ?" ಎಂದಳು ನೆರೆಮನೆಯ ಸುಂದ್ರವ್ವ.

ಚಾಲಕ ಧನರಾಜ್ ಕಿಟಕಿಯಿಂದ ತಲೆ ಹೊರಹಾಕಿದ. "ಹಾರ್ನ್ ಹೊಡಿಯುದು ಹೇಗೆ ಮಾರ್ರೆ, ಎಲ್ಲ ಸಾಯಬಣ್ಣನ ಮನೆಯವರೇ!"

*

ಹನ್ನೊಂದು ವರ್ಷ ಆ ಗಾಡಿ ಓಡಿಸಿದವನು ಸಾಯಬಣ್ಣನೇ. ಒಮ್ಮೆ ಜೋಗೇಶ್ವರಿಯ ಚಾಳಿನ ತಮ್ಮ ಮನೆಯಲ್ಲಿ ಟೊಮೆಟೊ ಒಂದನ್ನು ಚೀಲದೊಳಗೆ ಚೀಲ, ಅದರೊಳಗೆ ಚೀಲ ಹಾಕಿ ಬರ್ಫಿನಲ್ಲಿಟ್ಟು, ಅಂಗ ಒಯ್ಯುವುದು ಹೀಗೆಂದು ಹೆಂಡತಿಗೆ ತೋರಿಸಿದ್ದ.

"ಬರ್ಫ ನೇರ ತಾಗಬಾರದು. ತಾಗಿದ್ರ ಸುಟ್ಟಂಗ ಆಗತದ."

"ಹಿಂಗ ಇಟ್ರ ಎಷ್ಟ ದಿನ ಇರತದ?"

"ದಿನಾ? ಹುಚ್ಚಿ, ಎದಿಗಿ ನಾಕ ತಾಸು. ಉಳದದ್ದು ದಾರಿ ಬಿಡೋರ ಪುಣ್ಯ."

ಯಾರ ಅಂಗ ಯಾರಿಗೆ ಎಂಬುದು ಅವನಿಗೆ ಗೊತ್ತಿರುತ್ತಿರಲಿಲ್ಲ. ದಾರಿ ಬಿಟ್ಟವರ ಸುದ್ದಿಯನ್ನಷ್ಟೇ ಮನೆಗೆ ತರುತ್ತಿದ್ದ: "ಇವತ್ತ ಮದುಮಗ ಕುದರಿ ಸಮೇತ ಫುಟ್‌ಪಾತ್ ಹತ್ತಿದ ನೋಡು!"

*

ಮಲ್ಲಕ್ಕ ಬಾನೆಟ್ಟಿನ ಮೇಲಿನ ಹಾರ ಕಿತ್ತು ಬಿಸಾಡಿದಳು.

"ವೈನೀ, ಕಡೀ ದರ್ಶನ..." ಎಂದು ಶಾಂತಪ್ಪ ಅತ್ತಿಗೆಗೆ ಅಡ್ಡ ಬಂದ.

"ಯಾರ ಎದಿನೂ ನಿಮ್ಮಣ್ಣ ದಾರ್‍ಯಾಗ ನಿಲ್ಲಸಲಿಲ್ಲ. ಅವರ ಎದಿ ನಾವ ನಿಲ್ಲಸೂಣೇನು? ಕೈ ಮುಗೀಬ್ಯಾಡ್ರಿ, ಓಡ್ರಿ! ರಸ್ತಾ ಖಾಲಿ ಮಾಡಸ್ರಿ!"

ಮೊದಲು ಓಡಿದವನು ಶಾಂತಪ್ಪನೇ, ಕೈಯಲ್ಲಿ ಕಾಯಿಹೋಳು ಹಿಡಿದೇ. ಭಜನೆಯವರು ತಾಳ ಬಾರಿಸುತ್ತ ಆಟೋಗಳಿಗೆ ಅಡ್ಡ ನಿಂತರು. ಸುಂದ್ರವ್ವ ಸೀರೆ ಎತ್ತಿಕಟ್ಟಿ ಬಾಳೆಹಣ್ಣಿನ ಗಾಡಿಯನ್ನೇ ತಳ್ಳಿದಳು. "ಹಟೋ! ಸರೀರಿ! ಬಾಜೂ ವ್ಹಾ!" ಹಿಂದೆ ಸೈರನ್ ಕೂಗಿತು.

ಹೇಳಿದ ಹೊತ್ತಿಗೆ ಆಂಬುಲೆನ್ಸು ಬರಲಿಲ್ಲವೆಂದು, ಅದಕ್ಕಾಗಿ ರಸ್ತೆ ತಡೆದು ನಿಂತಿದ್ದ ನಾಕಾ ಸರ್ಕಲ್ಲಿನ ಪೊಲೀಸ್ ಬಸ್ಸುಗಳನ್ನು ಬಿಟ್ಟಿದ್ದ. ಮಲ್ಲಕ್ಕ ಬರಿಗಾಲಲ್ಲಿ ನಡುರಸ್ತೆಗೆ ನುಗ್ಗಿ ಕೆಂಪು ಬಸ್ಸೊಂದಕ್ಕೆ ಅಂಗೈ ಒಡ್ಡಿದಳು. ಬಸ್ಸು ಕಿರುಚಿ ನಿಂತಿತು. ಅವಳನ್ನು ಎಳೆಯಲು ಸೀಟಿ ಊದುತ್ತ ಓಡಿಬಂದ ಪೊಲೀಸ್, ಸೈರನ್ ಬಂದ ಕಡೆ ನೋಡಿದ, ಅವಳ ಮುಖ ನೋಡಿದ. ಸೀಟಿ ಬಾಯಿಂದ ಜಾರಿತು. ಅವಳ ಪಕ್ಕದಲ್ಲೇ ನಿಂತು ತಾನೂ ಕೈ ಎತ್ತಿದ.

ಆಂಬುಲೆನ್ಸು ಬಿರುಗಾಳಿಯಂತೆ ಹಾದುಹೋಯಿತು. ಮಲ್ಲಕ್ಕನ ಸೆರಗು ಹಾರಿ ಪೊಲೀಸನ ಹೆಗಲ ಮೇಲೆ ಬಿತ್ತು. ಇಬ್ಬರೂ ಕೈ ಇಳಿಸಲಿಲ್ಲ. ಬಸ್ಸಿನ ಚಾಲಕ ಇಂಜಿನ್ ಆರಿಸಿದ.