ಜಗತ್ತು ಸೋಲುತ್ತಿದ್ದ ಪಂದ್ಯ

ಅಪ್ಪನ ಹಣೆಗೆ ಗಂಧ ಹಚ್ಚುತ್ತಿದ್ದ ಪ್ರತಾಪ, ಹಾರ್ಲನ್ ಸಾಹೇಬರ ಕಾರು ಕಂಡದ್ದೇ ಕೈ ಒರೆಸಿಕೊಂಡು ಎದ್ದುಬಿಟ್ಟ. ಎದ್ದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೆಣದ ಮುಂದೆಯೂ ಈ ಚಾಳಿ ಬಿಡಲಿಲ್ಲವಲ್ಲ!

ಬಿಶಾನ್‌ನಲ್ಲಿ ಅವರ ಫ್ಲ್ಯಾಟುಗಳ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ಪಡಸಾಲೆಯಲ್ಲಿ, ಅಪ್ಪ ಸೇತುರಾಮರನ್ನು ಮಲಗಿಸಿದ್ದರು. ಮೈಸೂರು ಬಿಟ್ಟು ಈ ದೇಶಕ್ಕೆ ಬಂದು, ಜುರಾಂಗಿನ ಅಮೆರಿಕನ್ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಲೇ ಆಯುಷ್ಯ ಕಳೆದವರು. ಹಾರ್ಲನ್ ಅಲ್ಲಿಯ ಮುಖ್ಯಸ್ಥರು. ಪ್ರತಾಪನೂ ಈಗ ಅಲ್ಲೇ ಇಂಜಿನಿಯರು.

"ಎಂಥ ಒಳ್ಳೆಯ ಮನುಷ್ಯ!" ಹಾರ್ಲನ್ ಇಂಗ್ಲಿಷಿನಲ್ಲಿ ಹೇಳುತ್ತ ಪ್ರತಾಪನ ಭುಜ ಹಿಡಿದರು. "ನಮ್ಮ ಪಿಕ್‌ನಿಕ್ ಪಂದ್ಯದಲ್ಲಿ ಪ್ರತಿ ವರ್ಷವೂ ಒಂದು ಸುಲಭದ ಕ್ಯಾಚ್ ಬಿಡುತ್ತಿದ್ದ. ಪಾಪ, ಆಟ ಅವನ ರಕ್ತದಲ್ಲಿರಲಿಲ್ಲ. ನಮಗಾದರೆ ಗೆಲ್ಲುವುದು ಹುಟ್ಟಿನಿಂದಲೇ ಬರುತ್ತದೆ."

"ಏನಂತಿದಾರೋ?" ತಾಯಿ ಕಾಮಾಕ್ಷಿ ಕೇಳಿದರು.

"ಅಪ್ಪ ಒಳ್ಳೆಯವರು ಅಂತಿದಾರಮ್ಮ."

ಅಪ್ಪನ ಗೆಳೆಯ ದ್ವಾರಕನಾಥರಿಗೆ ತಡೆಯಲಾಗಲಿಲ್ಲ. "ಮೈಸೂರಲ್ಲಿ ಸೇತು ಸ್ಲಿಪ್‌ನಲ್ಲಿ ನಿಂತ್ರೆ ಬಾಲ್ ಹಿಂದಕ್ಕೆ ಹೋಗ್ತಾನೇ ಇರ್ಲಿಲ್ಲ. ಇವನಿಗೇನ್ ಗೊತ್ತು?"

"ಮೆಲ್ಲಗೆ ಅಂಕಲ್, ಕೇಳಿಸುತ್ತೆ."

"ಕೇಳಿಸ್ಲಿ ಬಿಡೋ. ಕನ್ನಡ ಎಲ್ಲಿ ಅರ್ಥ ಆಗುತ್ತೆ ಅವನಿಗೆ?"

\*

ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ ನಾಲ್ಕು ಬಂತೆಂದರೆ ಕಂಪನಿಯ ಪಿಕ್‌ನಿಕ್. ಊಟಕ್ಕೆ ಮುಂಚೆ ಬೇಸ್‌ಬಾಲಿನಂಥದೇ ಸಾಫ್ಟ್‌ಬಾಲ್ ಪಂದ್ಯ. ಒಂದು ಕಡೆ 'ಅಮೆರಿಕಾ'. ಇನ್ನೊಂದು ಕಡೆ ಚೀನೀಯರು, ಮಲಯರು, ನಮ್ಮವರು ಎಲ್ಲ ಸೇರಿದ 'ಜಗತ್ತು'. ಅಮೆರಿಕನ್ನರೆಂದರೆ ತಮ್ಮ ದೇಶದೊಳಗೆ ತಾವು ತಾವೇ ಆಡಿ ಗೆದ್ದವರನ್ನೂ ವಿಶ್ವ ಚಾಂಪಿಯನ್ ಎಂದು ಕರೆಯುವ ಜನ. ಆನೆ ನಡೆದದ್ದೇ ದಾರಿ. ಜಗತ್ತು ಒಂದು ವರ್ಷವೂ ಗೆದ್ದಿರಲಿಲ್ಲ. ಸೋಲಿ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಪ್ರತಾಪ ಏಳನೇ ಕ್ಲಾಸಿನಲ್ಲಿದ್ದ ವರ್ಷದ ಪಂದ್ಯ. ಹಾರ್ಲನ್ ಹೊಡೆದ ಚೆಂಡು ಮೇಲೇರಿ ನೆಟ್ಟಗೆ ಅಪ್ಪನ ಕೈಗೆ ಬಂತು. ಅಪ್ಪ ಕೈ ಮುಚ್ಚಲೇ ಇಲ್ಲ. ಆಮೇಲೆ ಎಲ್ಲರಿಗಿಂತ ಮೊದಲು ತಾವೇ ನಕ್ಕರು.

ಬಸ್ಸಿನಲ್ಲಿ ಹುಡುಗ ಕೇಳಿದ, "ಯಾಕಪ್ಪ ಬಿಟ್ಟಿದ್ದು?"

"ಬಿಸಿಲು ಕಣ್ಣಿಗೆ ಹೊಡೀತು ಕಣೋ."

ಅವತ್ತು ಮೋಡ ಕವಿದಿತ್ತು. ಮುಂದೆ ಅಪ್ಪ ಕರೆದರೂ ಅವನು ಪಿಕ್‌ನಿಕ್ಕಿಗೆ ಹೋಗಲಿಲ್ಲ. ಇಂಥ ಅಪ್ಪನ ಮಗನೆನ್ನಲು ನಾಚಿಕೆ ಎಂದು ಎದುರಿಗೇ ಅಂದುಬಿಟ್ಟಿದ್ದ.

\*

ಹೋದ ತಿಂಗಳು, ೧೯೯೬ರ ಜುಲೈ ಪಿಕ್‌ನಿಕ್. ಈಗ ಪ್ರತಾಪನೂ ಜಗತ್ತಿನ ಕಡೆ ಆಡುತ್ತಿದ್ದ. ಒಲಿಂಪಿಕ್ಸ್ ತಮ್ಮ ದೇಶದಲ್ಲೇ ನಡೆಯಲಿದೆ ಎಂದು ಹಾರ್ಲನ್ ಬೀಗುತ್ತಿದ್ದರು. ನಿವೃತ್ತರಾದ ಅಪ್ಪ ಮರದ ಕೆಳಗೆ ಕೂತಿದ್ದರು. ಜಗತ್ತು ಇನ್ನೇನು ಗೆಲ್ಲುವುದರಲ್ಲಿತ್ತು. ಹಾರ್ಲನ್ ಹೊಡೆದ ಚೆಂಡು ಈ ಸಲ ಪ್ರತಾಪನ ಕಡೆಗೆ ಬಂತು.

ಅವನ ಕೈಗಳು ತಾವಾಗಿ ತೆರೆದುಕೊಂಡವು. ಚೆಂಡು ಹುಲ್ಲಿಗೆ ಬಿತ್ತು.

ಅವನೂ ನಕ್ಕ. ನಗುತ್ತಲೇ ಮರದ ಕಡೆ ನೋಡಿದ. ಅಪ್ಪನ ಮುಖದಲ್ಲಿ ನಗುವಿರಲಿಲ್ಲ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು ಅವನಿಗೆ.

"ಬಿಸಿಲಾ?" ನೀರಿನ ಲೋಟ ಕೊಡುತ್ತ ಅಪ್ಪ ಮೆಲ್ಲಗೆ ಕೇಳಿದರು. ಅದು ಚುಚ್ಚಿದ್ದೋ, ಸಂತೈಸಿದ್ದೋ? ಆಮೇಲೆ ಕೇಳೋಣ ಎಂದುಕೊಂಡ. ಅಪ್ಪನ ಮುಖ ನೋಡುವ ಧೈರ್ಯ ಬಾರದೆ ದಿನ ತಳ್ಳಿದ. ನಿನ್ನೆ ಬೆಳಗ್ಗೆ ಅಪ್ಪ ಏಳಲೇ ಇಲ್ಲ.

\*

ಹೊರಡುವ ಹೊತ್ತಾಯಿತು. ಚಿತಾಗಾರದಲ್ಲಿ ಇದಕ್ಕೆಲ್ಲ ಅವಕಾಶವಿಲ್ಲವೆಂದು ಪುರೋಹಿತರು ಇಲ್ಲೇ ನೀರು ತುಂಬಿದ ಮಡಕೆಯನ್ನು ಪ್ರತಾಪನ ಹೆಗಲಿಗೇರಿಸಿ ತೂತು ಮಾಡಿದರು. ಅಪ್ಪನ ಸುತ್ತ ಮೂರು ಸುತ್ತು ಬಂದು ಅವನು ಬೆನ್ನು ತಿರುಗಿಸಿ ನಿಂತ. ಎದುರಿಗೆ ಹಾರ್ಲನ್ ಹ್ಯಾಟು ತೆಗೆದು ಗಂಭೀರವಾಗಿ ನೋಡುತ್ತಿದ್ದರು.

"ಹಿಂದಕ್ಕೆ ಬಿಡು ಪ್ರತಾಪ," ದ್ವಾರಕನಾಥರು ಪಿಸುಗುಟ್ಟಿದರು. "ತಿರುಗಿ ನೋಡ್ಬೇಡ."

ಅವನು ಬಿಡಲಿಲ್ಲ.

"ಕೈ ಬಿಡೋ ಮಗನೇ," ದ್ವಾರಕನಾಥರು ಮತ್ತೆ ಅಂದರು. "ಅಪ್ಪ ಹೋಗ್ಬೇಕಲ್ವಾ?"

ನೀರು ಅವನ ಬೆನ್ನ ಮೇಲೆ ಹರಿದು, ಪಂಚೆ ತೋಯಿಸಿ, ಸಿಮೆಂಟಿನ ಮೇಲೆ ಹರಡಿತು. ಮಡಕೆ ಬರಿದಾಯಿತು. ಅವನ ಹತ್ತು ಬೆರಳೂ ಅದನ್ನು ಗಟ್ಟಿಯಾಗಿ ಹಿಡಿದೇ ಇದ್ದವು.